ಅರ್ಜಿಯಲ್ಲಿ ಬಿಟ್ಟ ಖಾಲಿ ಜಾಗ

ನನ್ನ ಮೇಜಿನ ಮೇಲೊಂದು ನೋಟುಬುಕ್ಕಿದೆ. ಅದರ ರಟ್ಟು ಹರಿದು ವರ್ಷಗಳಾದವು. ಹೊಲಿಗೆ ಬಿಚ್ಚಿಕೊಂಡು ಹಾಳೆಗಳು ತಮಗಿಷ್ಟ ಬಂದಲ್ಲಿ ಓಡಾಡುವುದನ್ನು ಕಲಿತಿವೆ. ಅವನ್ನೆಲ್ಲ ಒಟ್ಟಿಗೆ ಹಿಡಿದಿರುವುದು ಒಂದು ಒಣಗಿದ ಬಾಳೆನಾರು. ಅಂಗಡಿಯಲ್ಲಿ ದಾರ ಸಿಗುವುದಿಲ್ಲವೇ ಎಂದು ಮನೆಯಾಕೆ ಆಗಾಗ ಕೇಳುತ್ತಾಳೆ. ಸಿಗುತ್ತದೆ, ಗಟ್ಟಿಯಾದದ್ದೇ ಸಿಗುತ್ತದೆ. ಆದರೂ ನಾರೇ ಇರಲಿ ಎಂದು ನಾನು ಹಟ ಹಿಡಿದಿದ್ದೇನೆ. ಯಾಕೆಂದು ಅವಳಿಗೆ ಹೇಳಲು ನಾಚಿಕೆ. ನಿಮಗಾದರೆ ಹೇಳಬಹುದು, ನೀವು ನನ್ನ ಮುಖ ನೋಡಿಲ್ಲ.

ಆ ನೋಟುಬುಕ್ಕಿನಲ್ಲಿರುವುದು ಇಂಗ್ಲಿಷ್ ಕ್ರಿಯಾಪದಗಳ ಪಟ್ಟಿ, ಮತ್ತು ಪ್ರತಿಯೊಂದರ ಬೆನ್ನಿಗೂ ಬರಬೇಕಾದ ಪುಟ್ಟ ಪದ. ಕನ್ನಡಿಗರಾದ ನಾವು ಈ ವಿಷಯದಲ್ಲಿ ಪುಣ್ಯವಂತರು. ಊರಿಗೆ, ಊರಿಂದ, ಊರಲ್ಲಿ ಎಂದು ಸಂಬಂಧವನ್ನೆಲ್ಲ ನಾಮಪದದ ಬಾಲಕ್ಕೇ ಅಂಟಿಸಿ ನಿಶ್ಚಿಂತೆಯಿಂದ ಎಲೆಯಡಿಕೆ ಹಾಕಿಕೊಳ್ಳುತ್ತೇವೆ. ಇಂಗ್ಲಿಷಿನ ಕ್ರಿಯಾಪದಗಳು ಹಾಗಲ್ಲ. ಅವು ಜಿಲ್ಲೆಯ ದೊಡ್ಡ ಅಧಿಕಾರಿಗಳಿದ್ದಂತೆ, ಹಿಂದೊಬ್ಬ ಜವಾನನಿಲ್ಲದೆ ಹೊರಗೆ ಕಾಲಿಡುವುದಿಲ್ಲ. ಡಿಪೆಂಡ್ ಎಂಬ ದೊರೆಯ ಹಿಂದೆ ಆನ್ ನಡೆಯಬೇಕು, ಕನ್ಸಿಸ್ಟ್ ಎಂಬುವನ ಹಿಂದೆ ಆಫ್. ಒಬ್ಬನ ಜವಾನ ಇನ್ನೊಬ್ಬನ ಹಿಂದೆ ಕಾಣಿಸಿಕೊಂಡರೆ ಬರೆದವನ ಮಾನ ಮೂರು ಕಾಸಿಗೆ ಹೋಯಿತು. ಯಾಕೆ ಹೀಗೆ ಎಂದು ಕೇಳಿದರೆ, ಸಕಲಕ್ಕೂ ಕಾಯಿದೆ ಬರೆದಿಟ್ಟ ಆ ಇಂಗ್ಲಿಷ್ ಮಹಾಜನರು ಇದಕ್ಕೆ ಮಾತ್ರ ‘ರೂಢಿ’ ಎಂದು ಹೇಳಿ ನಕ್ಕುಬಿಡುತ್ತಾರೆ.

ಹೊಸಪೇಟೆಯ ತಾಲೂಕು ಕಚೇರಿಯ ಎದುರು, ಬೇವಿನ ಮರದ ಕೆಳಗೆ ಕುಳಿತು ನಾನು ಅರ್ಜಿ ಬರೆಯುತ್ತಿದ್ದ ಕಾಲ ಅದು. ಮದ್ರಾಸಿನ ಸರ್ಕಾರಕ್ಕೆ ನಮ್ಮ ಗೋಳು ಇಂಗ್ಲಿಷಿನಲ್ಲಿ ಅತ್ತರೇ ಕೇಳಿಸುವುದೆಂದು ನಾವೆಲ್ಲ ನಂಬಿದ್ದೆವು. ಆ ನಂಬಿಕೆಯ ಮೇಲೆಯೇ ನನ್ನ ಒಲೆ ಉರಿಯುತ್ತಿತ್ತಾದ್ದರಿಂದ ಅದನ್ನು ಅಲುಗಾಡಿಸುವ ಆಸೆ ನನಗೂ ಇರಲಿಲ್ಲ. ಊರಿನ ಇನ್ನೊಂದು ಪದ್ಧತಿಯೆಂದರೆ, ಇಂಗ್ಲಿಷ್ ಕಾಗದವೆಂಬುದು ಇಬ್ಬರು ಹಿರಿಯರ ಕಣ್ಣಿಗೆ ಬೀಳದೆ ಸಾಹೇಬರ ಕೈ ಸೇರುವಂತಿರಲಿಲ್ಲ. ಒಬ್ಬರು ನಿವೃತ್ತ ಮೇಷ್ಟ್ರು ಶೇಷಾಚಾರ್ಯರು. ಇನ್ನೊಬ್ಬರು ಅಕ್ಕಿ ಗಿರಣಿಯ ಸಿದ್ಧಲಿಂಗಪ್ಪನವರು, ಬಳ್ಳಾರಿಯಲ್ಲಿ ಎರಡು ವರ್ಷ ಓದಿ, ಓದಿಗೆ ತಮ್ಮ ಯೋಗ್ಯತೆ ಸಾಲದೆಂದೋ ತಮ್ಮ ಯೋಗ್ಯತೆಗೆ ಓದು ಸಾಲದೆಂದೋ ತಿರುಗಿ ಬಂದವರು. ಕಾಗದ ಮುಂದೆ ಬಂದರೆ ಇಬ್ಬರೂ ಒಂದಾದರೂ ಪದ ತಿದ್ದಲೇಬೇಕು. ಸುಮ್ಮನೆ ಹಿಂದಿರುಗಿಸಿದರೆ ಕಲಿತ ವಿದ್ಯೆಗೆ ಅವಮಾನ. ದೊಡ್ಡ ಪದ ತಿದ್ದಲು ನಿಘಂಟು ಬೇಕು, ಪುಟ್ಟ ಪದಕ್ಕೆ ಧೈರ್ಯವೊಂದಿದ್ದರೆ ಸಾಕು. ಹಾಗಾಗಿ ತಿದ್ದುಪಡಿಯ ಬಿರುಗಾಳಿಯೆಲ್ಲ ಆ ಜವಾನರ ಮೇಲೆಯೇ ಬೀಸುತ್ತಿತ್ತು.

ಒಂದು ಬೇಸಿಗೆಯ ಆರಂಭದಲ್ಲಿ ಬೊಮ್ಮಪ್ಪ ಬಂದ. ಕಮಲಾಪುರದಿಂದ ಹಂಪಿಗೆ ಹೋಗುವ ದಾರಿಯಲ್ಲಿ, ಕಾಲುವೆಯ ಪಕ್ಕದಲ್ಲೇ ಅವನ ಸುಗಂಧಿ ಬಾಳೆಯ ತೋಟ. ಕಾಲುವೆಯಲ್ಲಿ ನೀರು ಹರಿಯುತ್ತಿತ್ತು, ಆದರೆ ತೋಟಕ್ಕೆ ನೀರು ಬಿಡುವ ತೂಬಿನಲ್ಲಿ ಹೂಳು ತುಂಬಿತ್ತು. ತೂಬು ಸರ್ಕಾರದ್ದು, ರೈತ ಅದಕ್ಕೆ ಗುದ್ದಲಿ ತಾಗಿಸಿದರೆ ಅಪರಾಧ.

“ಗೊನಿ ಹಾಕೋ ಹೊತ್ತಿಗೆ ಬಾಳಿ ಬಾಡಾಕ ಹತ್ಯಾವ್ರಿ ರಾಯರ. ನೀರು ಕಣ್ಣಿಗೆ ಕಾಣ್ತೈತಿ, ಬೇರಿಗೆ ಮುಟ್ಟವಲ್ದು. ಒಂದು ಕಾಗದ ಬರ್ದು ಕೊಡ್ರಿ,” ಎಂದ.

ಕಾಲುವೆಗಳ ಮೇಲಿನ ಇಂಜಿನಿಯರ್ ದೊರೆ ಆಗ ಕಮಲಾಪುರದ ಬಂಗಲೆಯಲ್ಲಿ ಎಂಟು ದಿನದ ಮೊಕ್ಕಾಂ ಹೂಡಿದ್ದ. ಆಮೇಲೆ ಸಂಡೂರಿನ ಬೆಟ್ಟ ಹತ್ತಿ ರಾಮನದುರ್ಗದ ತಂಪಿನಲ್ಲಿ ಎರಡು ತಿಂಗಳು. ಅಂದರೆ ಎಂಟು ದಿನದೊಳಗೆ ಅರ್ಜಿ ತಲುಪಬೇಕು, ಇಲ್ಲವಾದರೆ ತೋಟವಿಲ್ಲ. ನಾನು ಗಂಭೀರವಾಗಿ ಲೇಖನಿ ಅದ್ದಿ, ಬೊಮ್ಮಪ್ಪನಿಗೆ ಒಂದು ಉಪದೇಶವನ್ನೂ ಕೊಟ್ಟೆ. “ಕಾಗದ ತಯಾರಾಗೋತನಕ ದೊರಿ ಮುಂದ ಬಾಯಿ ಬಿಡಬ್ಯಾಡ ನೋಡು. ಬಾಯಿಮಾತು ಆಡಿಬಿಟ್ರ ಆಮ್ಯಾಲೆ ಕಾಗದಕ್ಕ ಕಿಮ್ಮತ್ತಿರಂಗಿಲ್ಲ.”

“ಆತ್ರಿ,” ಎಂದು ಅವನು ಕೈ ಮುಗಿದ.

ಅರ್ಜಿ ಅಂದೇ ಮುಗಿಯಿತು, ಒಂದು ಪದದ ಹೊರತಾಗಿ. ದಯಾಸಾಗರರಾದ ದೊರೆಗಳು ತೂಬಿನ ಕಡೆ ನೋಡಬೇಕೆಂದು ಕೇಳಿಕೊಳ್ಳುವ ವಾಕ್ಯದಲ್ಲಿ ನಾನು ಲುಕ್ ಎಂದು ಬರೆದು ಮುಂದೆ ಅಟ್ ಎಂದು ಹಾಕಿದ್ದೆ. ಶೇಷಾಚಾರ್ಯರು ಕನ್ನಡಕ ಏರಿಸಿದರು. “ಅಟ್ ಅಂದ್ರ ಸಾಹೇಬ್ರು ತೂಬು ನೋಡಿ ಹಂಗ ಹೊಂಟು ಹೋಗ್ತಾರ. ಇನ್‌ಟು ಹಾಕ್ಸು ಹೋಗಪ್ಪ.” ಬೊಮ್ಮಪ್ಪ ಅದನ್ನು ಗಿರಣಿಗೆ ಒಯ್ದ. ಸಿದ್ಧಲಿಂಗಪ್ಪನವರು ತೌಡು ಕೊಡವಿಕೊಂಡು ಓದಿದರು. “ಇನ್‌ಟು ಅಂದ್ರ ದೊರಿ ತೂಬಿನೊಳಗ ಇಳೀಬೇಕಾಗ್ತದ. ಟು ಹಾಕಾಕ ಹೇಳು, ಅದ್ರಾಗ ಮರ್ಯಾದಿ ಐತಿ.” ಇಬ್ಬರೂ ಒಬ್ಬರ ಮನೆಗೆ ಇನ್ನೊಬ್ಬರು ಹೋಗುವವರಲ್ಲ, ಆದ್ದರಿಂದ ಆ ವ್ಯಾಕರಣ ಚರ್ಚೆಯೆಲ್ಲ ಬೊಮ್ಮಪ್ಪನ ಕಾಲ ಮೇಲೆ ನಡೆಯಿತು. ದಿನವೂ ತೋಟದಿಂದ ಹೊಸಪೇಟೆಗೆ ಬರುವನು, ಮೇಷ್ಟ್ರಿದ್ದ ಅಗ್ರಹಾರಕ್ಕೆ ಹೋಗುವನು, ಗಿರಣಿಗೆ ಹೋಗುವನು, ಬೇವಿನ ಮರಕ್ಕೆ ಬರುವನು. ಅಳಿಸಿ ಅಳಿಸಿ ಆ ಜಾಗದಲ್ಲಿ ಕಾಗದ ತೂತು ಬಿದ್ದಿತು.

ಆಗ ನನ್ನ ಬುದ್ಧಿವಂತಿಕೆ ಚಿಗುರಿತು. ಹೊಸ ಪ್ರತಿ ಮಾಡಿ, ಲುಕ್ ಎಂಬುದರ ಮುಂದೆ ಒಂದು ಬೆರಳಿನಷ್ಟು ಜಾಗ ಖಾಲಿ ಬಿಟ್ಟೆ. ಹಿರಿಯರು ಒಪ್ಪಿದ ಕೂಡಲೇ ತುಂಬಿಬಿಡಬಹುದು. ಈ ಯುಕ್ತಿಗೆ ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ. ನಿಜ ಹೇಳುತ್ತೇನೆ, ನನಗೂ ಒಳಗೊಳಗೆ ಆಫ್ಟರ್ ಎಂಬ ಒಂದು ಪದ ಇಷ್ಟವಾಗಿತ್ತು, ಅವರಿಬ್ಬರೂ ಸೋತರೆ ಅದನ್ನು ಮೆರೆಸುವ ಹಂಚಿಕೆಯಲ್ಲಿದ್ದೆ. ಬೊಮ್ಮಪ್ಪ ಪ್ರತಿ ಮಧ್ಯಾಹ್ನ ಬಂದು, ಬೆವರೊರೆಸಿಕೊಂಡು, ಒಂದೇ ಪ್ರಶ್ನೆ ಕೇಳುತ್ತಿದ್ದ: “ಸಿಕ್ತೇನ್ರಿ ರಾಯರ?”

ಎಂಟನೆಯ ದಿನವೂ ಸಿಗಲಿಲ್ಲ. ಒಂಬತ್ತನೆಯ ದಿನ ದೊರೆಯ ಸಾಮಾನು ಹೊತ್ತ ಗಾಡಿಗಳು ಸಂಡೂರಿನ ದಾರಿ ಹಿಡಿದವು. ಶೇಷಾಚಾರ್ಯರು ಸಮಾಧಾನ ಹೇಳಿದರು: ಇನ್ನು ಅವಸರವಿಲ್ಲ, ನಿಧಾನವಾಗಿ ಸರಿಯಾದ ಪದವನ್ನೇ ಹುಡುಕಬಹುದು. ತಪ್ಪು ಇಂಗ್ಲಿಷ್ ಕಳಿಸಿ ಊರಿನ ಮರ್ಯಾದೆ ಕಳೆಯಲಿಲ್ಲವೆಂದು ಸಿದ್ಧಲಿಂಗಪ್ಪನವರಿಗೂ ತೃಪ್ತಿ. ಆ ಒಂದು ವಿಷಯದಲ್ಲಿ ಮೊದಲ ಬಾರಿಗೆ ಅವರಿಬ್ಬರೂ ಒಮ್ಮತಕ್ಕೆ ಬಂದಿದ್ದರು.

ಎರಡು ತಿಂಗಳ ಮೇಲೆ ಬೊಮ್ಮಪ್ಪ ಬಂದ. ಕೈಯಲ್ಲಿ ನಾರು ಸುತ್ತಿದ ಒಂದು ಚಿಪ್ಪು ಬಾಳೆ. ಕಾಯಿಗಳು ಮಗುವಿನ ಬೆರಳಿನಷ್ಟು ಸಣ್ಣಗೆ, ಬಲಿಯದೆ ಹಳದಿಯಾಗಿದ್ದವು. ತೋಟದಲ್ಲಿ ಉಳಿದದ್ದು ಅಷ್ಟೇ. ಕಾಗದ ಬರೆದಿದ್ದಕ್ಕೆ ಇಟ್ಟುಕೊಳ್ಳಬೇಕೆಂದು ನನ್ನ ಮುಂದಿಟ್ಟ. ಬೇಡವೆಂದರೂ ಕೇಳಲಿಲ್ಲ. ಏನಾದರೂ ಮಾತಾಡಬೇಕೆಂದು ನಾನು, ಆ ದೊರೆ ಬಂಗಲೆ ಬಿಟ್ಟು ಹೊರಗೇ ಬರುವವನಲ್ಲವಂತೆ, ಅರ್ಜಿ ಕೊಟ್ಟಿದ್ದರೂ ಏನಾಗುತ್ತಿತ್ತೋ, ಎಂದೆ.

“ಇಲ್ಲರಿ, ಭಾಳ ಛಲೋ ಮನಷ್ಯಾ,” ಎಂದ ಬೊಮ್ಮಪ್ಪ. “ಆ ಎಂಟೂ ದಿನ ಮುಂಜಾನಿ ನಮ್ಮ ತೋಟದ ಏರಿ ಮ್ಯಾಲೇ ಅಡ್ಡಾಡಾಕ ಬರ್ತಿದ್ರು. ಬಾಡಿದ ಬಾಳಿ ನೋಡಿ ನಿಂತು, ‘ಏನು ಬೇಕು?’ ಅಂತ ಕನ್ನಡದಾಗ ಕೇಳಿದ್ರು. ನೀವು ಬಾಯಿ ಬಿಡಬ್ಯಾಡ ಅಂದಿದ್ರಲ್ಲ, ಕಾಗದ ಬರ್ತೈತ್ರಿ ಅಂತ ಕೈ ಮುಗುದೆ.”

ನನಗೆ ನಾಚಿಕೆಯಾಯಿತು ಎಂದರೆ ಸಾಲದು; ಆ ಮರದ ಕೆಳಗೆ ಇನ್ನು ಯಾವತ್ತೂ ಕೂರಬಾರದೆನ್ನಿಸಿತು. ಮರುದಿನ ಕುಳಿತೆ, ಅದು ಬೇರೆ ಮಾತು. ಬೊಮ್ಮಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ವಾದ ಹೂಡಿ ಗೆದ್ದುಬಿಡುತ್ತಿದ್ದೆ. ಅವನು ಎದ್ದು, ರುಮಾಲು ಸರಿಮಾಡಿಕೊಂಡು, ಹೋಗುವ ಮುಂಚೆ ನಿಜವಾದ ಕಾಳಜಿಯಿಂದಲೇ ಕೇಳಿದ:

“ಆ ಅಕ್ಷರ ಕಡೀಗೆ ಸಿಕ್ತೇನ್ರಿ, ರಾಯರ?”

ಆ ಚಿಪ್ಪಿಗೆ ಸುತ್ತಿದ್ದ ನಾರೇ ಈ ನೋಟುಬುಕ್ಕಿನದು. ಅಂದಿನಿಂದ ಯಾರು ಅರ್ಜಿಗೆ ಬಂದರೂ ಲೇಖನಿ ಅದ್ದುವ ಮುಂಚೆ, “ಬಾಯಿ ಬಿಟ್ಟು ಹೇಳಿ ನೋಡಿಯೇನು?” ಎಂದು ಕೇಳುತ್ತೇನೆ, ಅರ್ಧ ಜನ ಎದ್ದು ಹೋಗುತ್ತಾರೆ. ನಾರನ್ನು ಬಿಚ್ಚಿದರೆ ಮೇಲಿರುವ ಹಾಳೆಯಲ್ಲೇ ಲುಕ್ ಎಂದು ಬರೆದಿದೆ, ಅದರ ಮುಂದೆ ಬೆರಳಿನಷ್ಟು ಜಾಗ ಬಿಟ್ಟಿದೆ. ಅಲ್ಲಿಗೆ ಯಾವ ಪದ ಬರಬೇಕೆಂಬುದು ನನಗೀಗ ಚೆನ್ನಾಗಿ ಗೊತ್ತು. ಬರೆಯಲು ಕೈ ಬರುವುದಿಲ್ಲ.