ಖಂಡೆಪ್ಪನವರ ಕುದುರೆ ಖರೀದಿ
ಮೋರಟಗಿಯ ಖಂಡೆಪ್ಪನವರು ಸವಾರಿಗೊಂದು ಕುದುರೆ ಬೇಕೆಂದು ಮೊಬೈಲಿನಲ್ಲಿ ಹುಡುಕತೊಡಗಿ ವರ್ಷಗಳೇ ಆದವು. ಇದುವರೆಗೆ ಕೊಂಡದ್ದು ಒಂದು ಲಗಾಮು ಮಾತ್ರ. ಬೆಳಗಿನ ಚಹಾ ಆರುತ್ತಿರುತ್ತದೆ, ಇವರು ಕಟ್ಟೆಯ ಮೇಲೆ ಕುಳಿತು ಜಾಹೀರಾತಿನ ಕುದುರೆಗಳನ್ನು ಬೆರಳಿನಿಂದ ಸರಿಸುತ್ತಿರುತ್ತಾರೆ. ಒಂದು ಮನಸ್ಸಿಗೆ ಬಂದರೆ ಕೂಡಲೇ ವಿಡಿಯೊ ಕರೆ. ಬೆಲೆ ಕೇಳುವುದಿಲ್ಲ, ಓಟ ಕೇಳುವುದಿಲ್ಲ. "ಮೊದಲ ಸುಳಿ ತೋರಸ್ರಿ" ಎನ್ನುತ್ತಾರೆ. ಪಾಪ, ಮಾರುವವನು ಕುದುರೆಯ ಹಣೆ, ಎದೆ, ಹೊಟ್ಟೆಯಡಿಯ ಕೂದಲಿನ ಸುಳಿಗಳನ್ನೆಲ್ಲ ಬಗ್ಗಿ ಬಗ್ಗಿ ತೋರಿಸಬೇಕು. ಒಂದಕ್ಕೆ ಮನೆ ಮುರಿಯುವ ಸುಳಿ, ಇನ್ನೊಂದಕ್ಕೆ ಒಡೆಯನನ್ನು ಕೆಡಹುವ ಸುಳಿ! "ನನ್ನ ನೋಡಾಕ ಬಂದಾಗ ಇಷ್ಟು ಸುಳಿ ನೋಡಿದ್ರ ಇಬ್ಬರೂ ಪಾರಾಗ್ತಿದ್ವಿ" ಎಂದು ಹೆಂಡತಿ ಸಿದ್ದಲಿಂಗವ್ವ ಒಳಗಿನಿಂದ ಕುಟುಕುತ್ತಾರೆ. ಮೊನ್ನೆ ನಿಡಗುಂದಿಯ ಅನಿಲ ತೋರಿಸಿದ ಬಿಳಿ ಕುದುರೆಗೆ ಮಾತ್ರ ಒಂದೂ ಕೆಟ್ಟ ಸುಳಿ ಇರಲಿಲ್ಲ. "ನಾಳೆನ ತರ್ತೇನ್ರಿ ಕಾಕಾ. ಬದಲಿಗೆ ನಿಮ್ಮ ಹಳೇ ಕುದುರಿ ನಾನ ಒಯ್ತೇನಿ" ಎಂದನವನು. ಖಂಡೆಪ್ಪನವರು ಮೊಬೈಲು ಹಿಡಿದುಕೊಂಡೇ ಹಿತ್ತಲಿಗೆ ನಡೆದರು. ಅಲ್ಲಿ, ಕಾಲು ಸೋಲುವವರೆಗೂ ಅವರನ್ನು ಹೊತ್ತು ತಿರುಗಿ ಈಗ ಕಣ್ಣು ಮಂಜಾದ ಹೆಣ್ಣುಕುದುರೆ ಮೇವು ಮೆಲ್ಲುತ್ತಿತ್ತು. ಅವರು ಊರ ಕುದುರೆಗಳಲ್ಲೆಲ್ಲ ಹುಡುಕುವ ಅಪಶಕುನದ ಸುಳಿಗಳಷ್ಟೂ ಅದರ ಮೈಮೇಲೆಯೇ ಇದ್ದವು. ಅದರ ಹಣೆಯ ಜೋಡಿ ಸುಳಿಯನ್ನು ಮೆಲ್ಲಗೆ ಕೆರೆಯುತ್ತ, "ಬ್ಯಾಡೋ ತಮ್ಮಾ, ಒಂದೂ ಐಬು ಇಲ್ಲದ ಕುದುರಿನ್ನ ಹ್ಯಾಂಗ ನಂಬೂದು?" ಎಂದರು.