ಬೆವ್ ಬೇಡವೆಂದ ಅವಾರ್ಡು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ವಾರ್ಡಿನ ಮೂಲೆಯ ಒಂಟಿ ಕೋಣೆಯಲ್ಲಿ ಬೆವ್ ಆಸ್ಪಿನಾಲ್ ನೆಲದ ಮೇಲೆ ಅಂಗಾತ ಮಲಗಿ ಮಂಚದ ತಳ ಒರೆಸುತ್ತಿದ್ದಾರೆ. ವಾಂತಿಭೇದಿಯ ರೋಗಿಯೊಬ್ಬರನ್ನು ಈಗಷ್ಟೇ ಇಲ್ಲಿಂದ ಸಾಗಿಸಿದ್ದಾರೆ. ಹೊರಗಿನ ಓಣಿಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಗಾಲಿಮಂಚದ ಮೇಲೆ ಕಾಯುತ್ತಿದ್ದಾರೆ. ಬೆವ್ ಮುಗಿಸುವ ತನಕ ಈ ಕೋಣೆಗೆ ಯಾರೂ ಕಾಲಿಡುವಂತಿಲ್ಲ, ದೊಡ್ಡ ಡಾಕ್ಟರೂ ಸಹ.

"ಬೆವ್, ಆಯ್ತಾ?" ಬಾಗಿಲಲ್ಲಿ ನರ್ಸ್ ಇಣುಕುತ್ತಾಳೆ.

"ಆಗತ್ತೆ ಬಂಗಾರ. ಅಷ್ಟು ಅವಸರ ಇದ್ರೆ ಬಾ, ನೀನೂ ಒಂದು ಕೈ ಹಾಕು," ಎಂದು ಮಂಚದ ಕೆಳಗಿನಿಂದ ಉತ್ತರ ಬರುತ್ತದೆ. ನರ್ಸ್ ಅಲ್ಲಿಂದ ಮಾಯ.

"ಮೇಲ್ಗಡೆ ಯಾರು ಬೇಕಾದ್ರೂ ಒರೆಸ್ತಾರೆ ಕಣೆ," ಎದ್ದು ಕೂತು ಬೆವ್ ಹೊಸ್ತಿಲಾಚೆ ನಿಂತ ನನಗೆ ಹೇಳುತ್ತಾರೆ. "ಕಾಯಿಲೆಯೋರು ಏಳೋವಾಗ ಎಲ್ಲಿ ಹಿಡ್ಕೋತಾರೆ ಹೇಳು? ಈ ಕಂಬಿಯ ಅಡಿಗೆ. ರೋಗ ಕೂತಿರೋದೂ ಅಲ್ಲೇ. ಅದು ಯಾವ ಮೇಲಧಿಕಾರಿ ಕಣ್ಣಿಗೂ ಬೀಳಲ್ಲ, ಬಗ್ಗಿದ್ರೆ ತಾನೆ ಕಾಣೋದು!"

ಲ್ಯಾಂಕಶೈರಿನ ಈ ಊರಿನ ಸರ್ಕಾರಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ನಾನು ಇಪ್ಪತ್ತಾರು ವರ್ಷ ದುಡಿದಿದ್ದೇನೆ. ಬೆವ್ ಕಸಬರಿಗೆ ಹಿಡಿದು ಹತ್ತೊಂಬತ್ತು ವರ್ಷವಾಯಿತು. ಬೆವರ್ಲಿ ಎಂಬುದು ಪೂರ್ತಿ ಹೆಸರು. ನಿನ್ನ ಹೆಸರಿನಲ್ಲೇ ನಮ್ಮ ಭಾಷೆಯ ಬೆವರು ಇದೆ ಎಂದು ಒಮ್ಮೆ ಹೇಳಿದ್ದೆ. "ಹಂಗಾದ್ರೆ ನಮ್ಮಮ್ಮ ಹೆಸರಿಡೋವಾಗ್ಲೇ ಹಣೆಬರಹ ಬರೆದುಬಿಟ್ಲು ನೋಡು," ಎಂದು ನಕ್ಕಿದ್ದರು. ಈಗ ವಯಸ್ಸು ಐವತ್ತೆಂಟು. ವಾರಕ್ಕೆ ನಾಲ್ಕು ದಿನ, ಐದೂವರೆಯಿಂದ ಒಂಬತ್ತೂವರೆ. ಒಂದು ಬೆಳಗಿಗೆ ಆರು ಶೌಚಾಲಯ, ಇಪ್ಪತ್ತನಾಲ್ಕು ಮಂಚಗಳ ಸುತ್ತಿನ ನೆಲ, ಜೊತೆಗೆ ಇಂಥ ಸೋಂಕಿನ ಕೋಣೆ ಒಂದೋ ಎರಡೋ.

ಉಳಿದ ಹೊತ್ತೆಲ್ಲ ಒಡಹುಟ್ಟಿದ ತಮ್ಮ ಗ್ಲಿನ್‌ಗೆ ಮೀಸಲು. ಮನೆಗಳಿಗೆ ಚಾವಣಿ ಹೊದಿಸುತ್ತಿದ್ದ ಗಟ್ಟಿಯಾಳು. ಒಂಬತ್ತು ವರ್ಷದ ಹಿಂದೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ಎಬ್ಬಿಸುವುದು, ಮೀಯಿಸುವುದು, ಉಣ್ಣಿಸುವುದು ಎಲ್ಲ ಅಕ್ಕನೇ. ಅದಕ್ಕೆಂದು ಸರ್ಕಾರ ವಾರಕ್ಕೆ ಎಂಬತ್ತಮೂರು ಪೌಂಡು ಆರೈಕೆ ಭತ್ಯೆ ಕೊಡುತ್ತದೆ. ಆದರೆ ಒಂದು ಷರತ್ತು. ಹೊರಗಿನ ದುಡಿಮೆ ಇಂತಿಷ್ಟು ಮಿತಿಯೊಳಗೇ ಇರಬೇಕು. ಒಂದು ಪೆನ್ನಿ ಮೀರಿದರೂ ಭತ್ಯೆ ಪೂರ್ತಿ ಬಂದ್. ಹಾಗಾಗಿ ಬೆವ್ ವಾರಕ್ಕೆ ಹದಿನಾರು ಗಂಟೆಗೆ ತಮ್ಮನ್ನು ತಾವೇ ಕಟ್ಟಿಹಾಕಿಕೊಂಡಿದ್ದರು. ಆಗ ದುಡಿಮೆ ಮಿತಿಗಿಂತ ಒಂದೂವರೆ ಪೌಂಡು ಕಡಿಮೆ. ಹದ್ದುಬಸ್ತಿನ ಬದುಕು ಎಂದರೆ ಇದು.

ಅಲ್ಲಿಗೆ ಬಂತು ನೋಡಿ, ಅವಾರ್ಡು!

ಈ ದೇಶದಲ್ಲಿ ಸರ್ಕಾರಿ ನೌಕರರ ಸಂಬಳ ಏರಿಕೆಗೆ ಹಾಗೆಯೇ ಹೆಸರು. ನಾನು ಹೊಸದಾಗಿ ಬಂದಾಗ, ಈ ಸಲ ನಮಗೆಲ್ಲ ಅವಾರ್ಡು ಬಂದಿದೆ ಎಂದು ಯಾರೋ ಹೇಳಿದ್ದಕ್ಕೆ, ಸಮಾರಂಭ ಯಾವತ್ತು, ಸೀರೆ ಉಟ್ಟು ಬರಬಹುದೇ ಎಂದು ಕೇಳಿ ಇಡೀ ವಿಭಾಗವನ್ನು ನಗಿಸಿದ್ದೆ. ಈಗ ಅನಿಸುತ್ತದೆ, ನಗಬೇಕಾದದ್ದು ನನ್ನ ದಡ್ಡತನಕ್ಕಲ್ಲ, ಆ ಪದಕ್ಕೆ. ದುಡಿದವರಿಗೆ ಕೊಡುವ ಕೂಲಿಯನ್ನು ಪ್ರಶಸ್ತಿ ಎಂದು ಕರೆಯುವವರ ನಾಲಿಗೆಗೆ ಏನು ಹೇಳೋಣ? ಏಪ್ರಿಲ್‌ನಲ್ಲಿ ಸಿಗಬೇಕಾದ ಏರಿಕೆ ಸಮಿತಿ, ವರದಿ, ಮಂತ್ರಿ, ಮರುಪರಿಶೀಲನೆ ಎಲ್ಲ ಸುತ್ತಿ ಆಗಸ್ಟಿಗೆ ಬರುತ್ತದೆ. ಬಂದ ದಿನ ಟೀವಿಯಲ್ಲಿ ಒಂದೇ ಪಲ್ಲವಿ: ಬೊಕ್ಕಸಕ್ಕೆ ಇಷ್ಟು ಶತಕೋಟಿ ಹೊರೆ, ಈ ದುಡ್ಡು ಎಲ್ಲಿಂದ ತರೋಣ. ಬೆವ್ ಯಾರದ್ದೋ ಮನೆಗೆ ಕನ್ನ ಹಾಕಿದರೋ ಎಂಬ ಹಾಗೆ! ಆ ಶತಕೋಟಿಯಲ್ಲಿ ಬೆವ್ ಪಾಲು ವಾರಕ್ಕೆ ಮೂರು ಪೌಂಡು ಅರವತ್ತು ಪೆನ್ಸ್. ನಮ್ಮ ಕ್ಯಾಂಟೀನಿನಲ್ಲಿ ಅದಕ್ಕೊಂದು ಬೇಕನ್ ಬನ್ನು ಬರುತ್ತದೆ, ಚಹಾ ಬರುವುದಿಲ್ಲ.

ಹದಿನೆಂಟು ವಾರದ ಬಾಕಿ ಒಟ್ಟಾಗಿ ಅರವತ್ತನಾಲ್ಕು ಪೌಂಡು ಎಂಬತ್ತು ಪೆನ್ಸ್ ಕೈಗೆ ಬಂತು. ಬೆವ್ ಅದರಲ್ಲಿ ಗ್ಲಿನ್‌ಗೆ ಚಪ್ಪಲಿ ಕೊಂಡರು. ಮೂರು ವಾರ ಕಳೆದು ಭತ್ಯೆಯ ಕಚೇರಿಯಿಂದ ಕಾಗದ ಬಂತು. ಏಪ್ರಿಲ್‌ನಿಂದ ನಿಮ್ಮ ದುಡಿಮೆ ವಾರಕ್ಕೆ ಎರಡು ಪೌಂಡು ಹತ್ತು ಪೆನ್ಸ್ ಮಿತಿ ಮೀರಿದೆ. ಹದಿನೆಂಟು ವಾರದ ಭತ್ಯೆ, ಸಾವಿರದ ನಾನೂರ ತೊಂಬತ್ತನಾಲ್ಕು ಪೌಂಡು, ಹಿಂತಿರುಗಿಸತಕ್ಕದ್ದು. ಮೂಗಿಗಿಂತ ಮೂಗುತಿ ಭಾರ ಎನ್ನುತ್ತೇವಲ್ಲ, ಇಲ್ಲಿ ಮೂಗನ್ನೇ ಕೊಯ್ದು ಮೂಗುತಿ ಕೊಟ್ಟಿದ್ದಾರೆ.

ಆ ಕಚೇರಿಗೆ ಫೋನು ಮಾಡಿದರೆ ಐವತ್ತು ನಿಮಿಷ ಪಿಟೀಲು ಕೇಳಿಸಿದರು. ಕೊನೆಗೆ ಒಬ್ಬಾಕೆ ಸಿಕ್ಕಿ, ಆದಾಯ ಬದಲಾದದ್ದನ್ನು ನೀವು ಏಪ್ರಿಲ್‌ನಲ್ಲೇ ತಿಳಿಸಬೇಕಿತ್ತು ಎಂದಳಂತೆ.

"ಏಪ್ರಿಲ್‌ನಲ್ಲಿ ನಂಗೇ ಗೊತ್ತಿರ್ಲಿಲ್ಲ ತಾಯಿ, ನಿಮ್ಮ ಮಂತ್ರಿಗೂ ಗೊತ್ತಿರ್ಲಿಲ್ಲ! ನಾನೇನು ಕಣಿ ಹೇಳೋಳಾ?" ಎಂದರೆ ಆಕೆ, ನಿಯಮ ಹಾಗಿದೆ ಎಂದು ಫೋನು ಇಟ್ಟೇಬಿಟ್ಟಳು.

ಮರುದಿನ ಬೆವ್ ಆಸ್ಪತ್ರೆಯ ಸಂಬಳ ವಿಭಾಗದ ನೈಜೆಲ್ ಮುಂದೆ, ಚಪ್ಪಲಿಗೆ ಹೋದದ್ದನ್ನೂ ಹೊಂದಿಸಿ, ಅರವತ್ತನಾಲ್ಕು ಪೌಂಡು ಎಂಬತ್ತು ಪೆನ್ಸ್ ಇಟ್ಟು, ಜೊತೆಗೊಂದು ಪತ್ರವನ್ನೂ ಇಟ್ಟರು. "ನನಗೆ ಅವಾರ್ಡು ಬೇಡ, ದಯವಿಟ್ಟು ಹಿಂದಕ್ಕೆ ಪಡೆಯಿರಿ" ಎಂಬ ಒಂದೇ ಸಾಲು. ನಾನು ಪಕ್ಕದಲ್ಲೇ ನಿಂತಿದ್ದೆ.

"ವಾಪಸ್ ಮಾಡೋಕೆ ಫಾರಂ ಇಲ್ಲ ಬೆವ್," ನೈಜೆಲ್ ತಲೆ ಕೆರೆದುಕೊಂಡ.

"ಕೊಡೋಕೆ ಇತ್ತಲ್ಲ?"

"ಕೊಡೋಕೆ ಫಾರಂ ಬೇಕಿಲ್ಲ. ಅದು ತಾನಾಗೇ ಬರತ್ತೆ."

"ಹಾಂ, ಜ್ವರ ಬಂದಂಗೆ," ಎಂದು ಬೆವ್ ದುಡ್ಡು ಎತ್ತಿಕೊಂಡರು. ನೈಜೆಲ್ ಪಾಪದವನು, ಅವನ ಮುಖ ಕೆಂಪಾಯಿತು. ನನಗೆ ಮಾತ್ರ ಮೈ ಉರಿಯಿತು. ಅವಾರ್ಡು ಕೊಡುವುದೂ ಸರ್ಕಾರ, ಮಿತಿ ಹಾಕುವುದೂ ಸರ್ಕಾರ. ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಇಪ್ಪತ್ತಮೂರು ಪಟ್ಟು ಮಾಡಿ ಕಿತ್ತುಕೊಳ್ಳುತ್ತದೆ. ಬೊಕ್ಕಸದ ಹೊರೆಯ ಲೆಕ್ಕ ಹೇಳುವ ಟೀವಿ ಪಂಡಿತರು ಈ ಜಮೆಯನ್ನು ಯಾವ ಪುಟದಲ್ಲಿ ಬರೆಯುತ್ತಾರೋ ಕೇಳಬೇಕು.

ಈಗ ವಾರಕ್ಕೆ ಹತ್ತು ಪೌಂಡಿನಂತೆ ತೀರಿಸುತ್ತಿದ್ದಾರೆ. ಹೆಚ್ಚುಕಡಿಮೆ ಮೂರು ವರ್ಷ ಬೇಕು. ಮನೆಗೆ ಹೋದರೆ ಗ್ಲಿನ್ ಕುರ್ಚಿಯಿಂದಲೇ, ಅರ್ಧ ತೊದಲುತ್ತ, ನನಗೆ ಸುದ್ದಿ ಕೊಡುತ್ತಾನೆ: "ಅಕ್ಕಂಗೆ ಅವಾರ್ಡ್ ಬಂತು ಗೊತ್ತಾ? ಇನ್ನೊಂದು ಬಂದ್ರೆ ನಾವಿಬ್ರೂ ಬೀದಿಗೆ."

"ಬಾಯ್ಮುಚ್ಚೋ, ಸೂಪ್ ಚೆಲ್ಲತ್ತೆ," ಎನ್ನುತ್ತ ಬೆವ್ ಅವನ ಗಲ್ಲ ಒರೆಸುತ್ತಾರೆ. ಆಮೇಲೆ ಅಡುಗೆಮನೆಗೆ ಬಂದು ದನಿ ತಗ್ಗಿಸಿ, "ಇವನನ್ನ ಯಾವ್ದಾದ್ರೂ ಆಶ್ರಮಕ್ಕೆ ಸೇರ್ಸಿದ್ರೆ ಸರ್ಕಾರಕ್ಕೆ ವಾರಕ್ಕೆ ಸಾವಿರ ಪೌಂಡ್ ಬೀಳತ್ತೆ ಕಣೆ. ನಾನು ಎಂಬತ್ತಮೂರಕ್ಕೆ ನೋಡ್ಕೋತೀನಿ. ಆದ್ರೂ ದುಬಾರಿ ನಾನೇ ಅಂತೆ," ಎನ್ನುತ್ತಾರೆ. ಕಣ್ಣು ತುಂಬಿದ್ದು ನನಗೆ ಕಾಣದಿರಲೆಂದು ಕೆಟಲ್ ಕಡೆ ತಿರುಗುತ್ತಾರೆ. ನಿನಗೇನು ಬೇಕು ಬೆವ್ ಎಂದರೆ, "ನಂಗೆ ಜಾಸ್ತಿ ಕೊಡೋದಾದ್ರೆ ಆ ಮಿತಿಯನ್ನೂ ಅಷ್ಟೇ ಜಾಸ್ತಿ ಮಾಡ್ಲಿ. ಒಂದೇ ದಿನ ಮಾಡ್ಲಿ. ಅಷ್ಟೇ," ಎಂಬ ಉತ್ತರ.

ಭತ್ಯೆ ಉಳಿಸಿಕೊಳ್ಳಲು ಇದ್ದದ್ದು ಒಂದೇ ದಾರಿ, ಗಂಟೆ ಕಡಿಮೆ ಮಾಡುವುದು. ಸಂಬಳ ಏರಿದ್ದಕ್ಕೆ ಕೆಲಸ ಕತ್ತರಿಸಬೇಕಾಯಿತು! ಈಗ ಗುರುವಾರ ಒಂಬತ್ತಕ್ಕೇ ಬಿಡುಗಡೆ, ವಾರಕ್ಕೆ ಹದಿನೈದೂವರೆ ಗಂಟೆ. ಆ ಅರ್ಧ ಗಂಟೆಗೆ ಬೇರೆ ಆಳನ್ನು ಯಾರೂ ಹಾಕಿಲ್ಲ. ಕಳೆದ ಗುರುವಾರ ಒಂಬತ್ತೂಕಾಲಿಗೆ ಆ ಕಡೆ ಹೋದರೆ ಬೆವ್ ಕೊನೆಯ ಕೋಣೆಯಲ್ಲಿ ಮಂಡಿಯೂರಿದ್ದಾರೆ, ಬಟ್ಟೆಯ ಮೇಲೆ ಹೊರಗೆ ಹೋಗುವ ಕೋಟು ಹಾಕಿಕೊಂಡಿದ್ದಾರೆ. ಯಾರಾದರೂ ಕಂಡರೆ ಮನೆಗೆ ಹೊರಟವಳು ಎನ್ನಲು ಅದೊಂದು ನೆಪ.

ನಾನು ರೇಗಿದೆ. ನಿನ್ನಿಂದ ದೋಚಿದವರಿಗೆ ಬಿಟ್ಟಿ ದುಡಿಯುತ್ತೀಯಲ್ಲ, ನಾಚಿಕೆಯಾಗಬೇಕು, ಬಿಟ್ಟು ಏಳು ಎಂದೆ.

ಬೆವ್ ಕೈ ನಿಲ್ಲಿಸಲಿಲ್ಲ. "ಅರ್ಧ ಒರೆಸಿದ ಕೋಣೇಲಿ ಯಾರನ್ನೂ ಮಲಗ್ಸೋಕಾಗಲ್ಲ ಕಣೆ," ಎಂದರು. "ಆ ಮಿತಿ ಹಾಕ್ದೋನ ಅಮ್ಮನೇ ಬಂದು ಇಲ್ಲಿ ಮಲಗಿದ್ರೂ ನಾನು ಕಂಬಿ ಅಡಿ ಒರೆಸೇ ಒರೆಸ್ತೀನಿ."