ಅಪ್ಪನ ಜೇಬಿನ ಬೆಲ್ಲ

ಮೊಮ್ಮಗಳ ಕೋಣೆಗೆ ಬಣ್ಣ ಹೊಡೆದು ಮುಗಿಸಿದವನು ಸೀಮೆಎಣ್ಣೆಯಲ್ಲಿ ಕೈ ಉಜ್ಜಿಕೊಳ್ಳುತ್ತಿದ್ದ. ಆ ವಾಸನೆಗೆ ಅಪ್ಪ ಎದುರಿಗೆ ಬಂದು ನಿಂತಂತಾಯಿತು. "ಇದ್ರಲ್ಲಿ ಸೀಸ ಇಲ್ಲ ಸಾರ್," ಎಂದು ಅವನು ಡಬ್ಬ ತೋರಿಸಿದ. "ಮೊದ್ಲಿನ ಬಣ್ಣದಲ್ಲಿ ಇರ್ತಿತ್ತು. ಮಕ್ಕಳ ಮೈಗೆ ಸೇರಿದ್ರೆ ಹೊಟ್ಟೆನೋವು ಬರುತ್ತಂತೆ, ಬುದ್ಧಿ ಮಂಕಾಗುತ್ತಂತೆ." ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ನಾವಿದ್ದದ್ದು ರಾಜಾಜಿನಗರದ ಒಂದು ವಠಾರದಲ್ಲಿ. ಅಪ್ಪ ಹತ್ತಿರದ ಪ್ರೆಸ್ಸಿನಲ್ಲಿ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದರು. ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ಒರೆಸಿ ಒರೆಸಿ ಅವರ ಮೈಯೆಲ್ಲ ಅದೇ ವಾಸನೆ, ಉಗುರಿನ ಸಂದಿ ಸದಾ ಕಪ್ಪು. ಕೈ ತೊಳೆಯಲು ಸೋಪು ಕೇಳಿದವರಿಗೆ ಮಾಲೀಕ ಅದರ ಬದಲು ದಿನಾ ಸಂಜೆ ಒಂದೊಂದು ಉಂಡೆ ಬೆಲ್ಲ ಹಂಚುತ್ತಿದ್ದ. ಬೆಲ್ಲ ತಿಂದರೆ ಸೀಸ ಇಳಿದುಹೋಗುತ್ತದೆ ಎನ್ನುತ್ತಿದ್ದ. ತಾನು ಮೊಳೆ ಮುಟ್ಟಿದ ದಿನ ಮಾತ್ರ ಬೀರುವಿನಿಂದ ಸೋಪು ತೆಗೆದು ಮೊಣಕೈವರೆಗೆ ತೊಳೆಯುತ್ತಿದ್ದ. ನಾನೇ ನೋಡಿದ್ದೇನೆ. ಅವನಿಗೆ ಗೊತ್ತಿತ್ತು. ನೆನೆದರೆ ಈ ವಯಸ್ಸಿನಲ್ಲೂ ಹಲ್ಲು ಕಡಿಯುತ್ತೇನೆ.

ವಠಾರದಲ್ಲಿ ಬೆಳೆದವರಿಗೆ ಹೇಳಬೇಕಿಲ್ಲ, ಸಿಹಿ ಎಂದರೆ ಹಬ್ಬಕ್ಕೊಮ್ಮೆ. ಹಾಗಾಗಿ ಅಪ್ಪ ಆ ಬೆಲ್ಲ ತಿನ್ನದೆ, ಕಪ್ಪು ಕೈಯಲ್ಲೇ ಜೇಬಿಗೆ ಹಾಕಿಕೊಂಡು ಮನೆಗೆ ತರುತ್ತಿದ್ದರು. ನನಗೂ ತಂಗಿ ಗಿರಿಜೆಗೂ ಅರ್ಧರ್ಧ. ನನಗೆ ಆ ವಾಸನೆ ಹಿಡಿಸುತ್ತಿರಲಿಲ್ಲ. ನನ್ನ ಪಾಲನ್ನೂ ಅವಳ ಬಾಯಿಗಿಡುತ್ತಿದ್ದೆ. "ಅಣ್ಣ ಅಂದ್ರೆ ಹೀಗಿರ್ಬೇಕು ಕಣೇ," ಎಂದು ಅಮ್ಮ ವಠಾರಕ್ಕೆಲ್ಲ ಹೇಳಿಕೊಂಡು ಬಂದಳು. ಬೇಡದ್ದನ್ನು ಕೊಟ್ಟೆನೆಂದು ನಾನು ಬಾಯಿಬಿಡಲಿಲ್ಲ.

ಗಿರಿಜೆ ಆಗಾಗ ಹೊಟ್ಟೆ ಹಿಡಿದುಕೊಂಡು ಮೂಲೆಯಲ್ಲಿ ಮುದುಡುತ್ತಿದ್ದಳು. ಇಂದು ಕಲಿತ ಮಗ್ಗಿ ನಾಳೆಗೆ ಇಲ್ಲ. "ಏಳೆಂಟ್ಲೆ ಎಷ್ಟೇ, ಮಂಕೇ?" ಎಂದು ನಾನು ತಲೆಗೆ ಮೊಟಕಿದರೆ, "ನೀನೇ ಹೇಳ್ಬಿಡಣ್ಣ, ನಿಂಗೆ ಗೊತ್ತಲ್ಲ," ಎಂದು ನಗುತ್ತಿದ್ದಳು.

ಎಲ್ಲವೂ ಆ ಬೆಲ್ಲದಿಂದಲೇ ಆಯಿತೆಂದು ಈಗ ಯಾವ ಡಾಕ್ಟರೂ ಹೇಳಲಾರ. ಆದರೆ ಅವಳ ಶಾಲೆ ಬಿಡಿಸಿದ್ದು ಯಾರೆಂದು ನನಗೆ ಗೊತ್ತು. ನಾಲ್ಕನೇ ಕ್ಲಾಸಿನಲ್ಲಿ ಎರಡನೇ ಸಲ ಫೇಲಾದಾಗ ಅಪ್ಪ, ಇನ್ನೊಂದು ವರ್ಷ ಕಳಿಸೋಣ ಎಂದರು. ಹೈಸ್ಕೂಲು ಸೇರಿದ ಗರ್ವದಲ್ಲಿದ್ದ ನಾನು, "ಅವಳ ತಲೆಗೆ ಓದು ಹತ್ತಲ್ಲಪ್ಪ, ಸುಮ್ನೆ ಯಾಕೆ," ಎಂದೆ. ಬಾಗಿಲ ಹಿಂದಿದ್ದ ಗಿರಿಜೆಗೆ ಅದು ಕೇಳಿಸಿತು. ಮಾರನೆಯ ದಿನ ಸ್ಲೇಟು ಒರೆಸಿ ಪಕ್ಕದ ಮನೆಯ ಮಗುವಿಗೆ ಕೊಟ್ಟುಬಿಟ್ಟಳು.

ಬಾಪೂಜಿನಗರದಲ್ಲಿ ಬದುಕೆಲ್ಲ ಅಗರಬತ್ತಿ ಹೊಸೆದ ಗಿರಿಜೆ, ಹೋದ ವರ್ಷ ತೀರಿಕೊಂಡಳು. ಕೊನೆಯವರೆಗೂ ಯಾವ ಕಾಗದ ಬಂದರೂ ನನ್ನ ಬಳಿ ತರುತ್ತಿದ್ದಳು. "ಓದಿ ಹೇಳಣ್ಣ. ನಾನು ಮೊದ್ಲಿಂದ್ಲೂ ದಡ್ಡಿ ಅಲ್ವಾ?"

ಅಲ್ಲ ಕಣೇ ಎಂದು ನಾನು ಒಂದು ದಿನವೂ ಹೇಳಲಿಲ್ಲ.